ಕರೆಂಟು ಹೋದಾಗ ಲ್ಯಾಪ್‌ಟಾಪಿಗೆ ಏನಾಗುತ್ತದೆ?

ಕೇಳುಗರಿಗೆ ನಮಸ್ಕಾರ.

ಕೊಡಗಿನಲ್ಲಿ ನೆಟ್ ನಿಧಾನವಾದರೆ ನಾವು ಮೊದಲು ಬೈಯುವುದು ಮಳೆಯನ್ನು. ನಾನೂ ಬೈದವಳೇ. ನಾಪೋಕ್ಲು ಕಡೆ ನಮ್ಮದು ಹಳೆಯ ಮನೆ, ಸುತ್ತ ಕಾಫಿ ತೋಟ. ಬೆಂಗಳೂರಿನ ಒಂದು ಕಚೇರಿಯ ಲೆಕ್ಕದ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ. ಕಕ್ಕಡ ತಿಂಗಳ ಮಳೆಯಲ್ಲಿ ಎಲ್ಲೋ ಒಂದು ಮರ ಬೀಳುತ್ತದೆ, ಕರೆಂಟು ಹೋಗುತ್ತದೆ. ವೈಫೈ ಬಾಕ್ಸಿಗೆ ಪುಟ್ಟ ಯುಪಿಎಸ್ ಇದೆ, ಅದು ಆರುವುದಿಲ್ಲ. ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಓಡುತ್ತದೆ. ಆದರೆ ಕರೆಂಟು ಹೋದ ಕೂಡಲೇ ಮೀಟಿಂಗಿನಲ್ಲಿ ಎಲ್ಲರ ಮುಖ ಅಲ್ಲಲ್ಲೇ ನಿಂತುಬಿಡುತ್ತಿತ್ತು.

ನೆಟ್ ಕೊಟ್ಟವರ ಕಡೆಯ ಹುಡುಗ ಎರಡು ಸಲ ಬಂದ. ಲೈನ್ ಸರಿ ಇದೆ ಅಕ್ಕ ಅಂದ. ಪಾಪ, ಅವನು ಬಂದಾಗಲೆಲ್ಲ ಕರೆಂಟು ಇರುತ್ತಿತ್ತು!

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ನಮ್ಮ ಅತ್ತೆ. ಒಂದು ಸಂಜೆ ಕರೆಂಟಿಲ್ಲ, ನನ್ನ ಲ್ಯಾಪ್‌ಟಾಪು ತೆವಳುತ್ತಿದೆ. ಅತ್ತೆ ಪಕ್ಕದಲ್ಲೇ ಕೂತು, ಅದೇ ವೈಫೈಯಲ್ಲಿ, ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಿದ್ದಾರೆ. ಒಂದು ಸಲವೂ ನಿಲ್ಲಲಿಲ್ಲ. ಅಂದರೆ ಲೈನ್ ಸರಿ ಇದೆ, ಬಾಕ್ಸೂ ಸರಿ ಇದೆ. ದೋಷ ನನ್ನ ತೊಡೆಯ ಮೇಲೇ ಇತ್ತು, ಅಲ್ವಾ?

ಬ್ಯಾಟರಿಯಲ್ಲಿ ಓಡುವಾಗ ವಿಂಡೋಸ್ ಲ್ಯಾಪ್‌ಟಾಪು ಖರ್ಚು ಉಳಿಸಲು ನೋಡುತ್ತದೆ. ಪರದೆಯ ಬೆಳಕು ಕಡಿಮೆಯಾಗುವುದು ನಮ್ಮ ಕಣ್ಣಿಗೆ ಬೀಳುತ್ತದೆ. ಒಳಗಿನ ವೈಫೈ ಚಿಪ್ಪು ಆಗಾಗ ಸಣ್ಣ ನಿದ್ದೆ ತೆಗೆಯುವುದು ಕಾಣುವುದಿಲ್ಲ. ಅದು ಎಚ್ಚರವಾಗುವವರೆಗೆ ಬಾಕ್ಸು ಮಾಹಿತಿಯನ್ನು ಹಿಡಿದಿಟ್ಟುಕೊಂಡು ಕಾಯಬೇಕು. ಕೆಲವು ಬಾಕ್ಸುಗಳಿಗೆ ಈ ಕಾಯುವ ಕೆಲಸ ಸರಿಯಾಗಿ ಬರುವುದಿಲ್ಲ. ಆಗ ವೇಗ ಬೀಳುತ್ತದೆ, ಕೆಲವೊಮ್ಮೆ ಸಂಪರ್ಕವೇ ತಪ್ಪುತ್ತದೆ.

ಸರಿಮಾಡಲು ಐದು ನಿಮಿಷ ಸಾಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ಅಲ್ಲಿ ಪ್ಲಾನ್ ಬದಲಿಸುವ ಕಡೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒತ್ತಿ. ವೈರ್‌ಲೆಸ್ ಅಡಾಪ್ಟರ್ ಎಂಬ ಸಾಲು ಸಿಗುತ್ತದೆ. ಆನ್ ಬ್ಯಾಟರಿ ಎಂದಿರುವ ಕಡೆ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಆರಿಸಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಸಾಲು ಕಾಣದೇ ಇರಬಹುದು. ಆಗ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ಹುಡುಕಿ, ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟವಿದ್ದರೆ, ಕರೆಂಟು ಉಳಿಸಲು ಅಡಾಪ್ಟರನ್ನು ಆಫ್ ಮಾಡಬಹುದು ಎಂಬ ಸಾಲಿನ ಟಿಕ್ ತೆಗೆಯಿರಿ. ಬ್ಯಾಟರಿ ಸೇವರ್ ಆನ್ ಆಗಿದ್ದರೆ ಅದನ್ನೂ ಆಫ್ ಮಾಡಿ ನೋಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಅದು ನಿಜ.

ಇನ್ನು ಮಳೆಯ ವಿಚಾರ. ಫೈಬರ್ ಕೇಬಲ್ಲಿನೊಳಗೆ ಓಡುವುದು ಬೆಳಕು. ಹೊರಗೆ ಎಷ್ಟೇ ಮಳೆ ಸುರಿದರೂ ಅದಕ್ಕೆ ಏನೂ ಆಗುವುದಿಲ್ಲ. ಕೇಬಲ್ಲಿನ ಶತ್ರು ಸಿಲ್ವರ್ ಓಕ್ ಮರದ ಕೊಂಬೆ. ಕೊಂಬೆ ಬಿದ್ದು ಕೇಬಲ್ಲು ತುಂಡಾದರೆ ಬಾಕ್ಸಿನಲ್ಲಿ ಲಾಸ್ ಎಂಬ ದೀಪ ಕೆಂಪಾಗುತ್ತದೆ. ಆ ದೀಪ ಕಂಡರೆ ಸುಮ್ನೆ ಲ್ಯಾಪ್‌ಟಾಪಿನ ಜೊತೆ ಗುದ್ದಾಡಬೇಡಿ, ಫೋನ್ ಮಾಡಿ. ಮನೆಯೊಳಗೂ ಕೇಬಲ್ಲನ್ನು ಮೂಲೆಯಲ್ಲಿ ಮಡಚಿ ಮೊಳೆಗೆ ಕಟ್ಟಬೇಡಿ. ಜಾಸ್ತಿ ಬಾಗಿದರೆ ಬೆಳಕು ಸೋರಿಹೋಗುತ್ತದೆ.

ಹಳೆಯ ಮನೆಗಳಲ್ಲಿ ಇನ್ನೊಂದು ತೊಂದರೆ ಗೋಡೆ. ನೀವೀಗ ಕೇಳುತ್ತಿರುವ ಎಫ್‌ಎಂ ಅಲೆಯ ಉದ್ದ ಸುಮಾರು 3 ಮೀಟರ್. ವೈಫೈ ಅಲೆ ಗೇಣುದ್ದವೂ ಇಲ್ಲ: 2.4 ಗಿಗಾಹರ್ಟ್ಸ್‌ನದು ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಅದರ ಅರ್ಧ. 5ರಲ್ಲಿ ವೇಗ ಹೆಚ್ಚು, ಆದರೆ ಅದು ಗೋಡೆ ದಾಟಲು ಸೋಲುತ್ತದೆ. 2.4 ದೂರ ಹೋಗುತ್ತದೆ, ವೇಗ ಕಡಿಮೆ. ಬಾಕ್ಸಿರುವ ಕೋಣೆಯಲ್ಲೇ ಕೂತಿದ್ದರೆ 5ಕ್ಕೆ ಸೇರಿ. ನಡುವೆ ಮೊಳದಷ್ಟು ದಪ್ಪದ ಮಣ್ಣಿನ ಗೋಡೆ ಇದ್ದರೆ 2.4 ಸಾಕು. ಬಾಕ್ಸನ್ನು ಕಬ್ಬಿಣದ ಬೀರುವಿನ ಹಿಂದೆ ಮಾತ್ರ ಇಡಬೇಡಿ, ಕಬ್ಬಿಣ ಅಲೆಯನ್ನು ತಡೆದು ಹಿಂದಕ್ಕೆ ಎಸೆಯುತ್ತದೆ. ಮೈಕ್ರೋವೇವ್ ಒಲೆಯೂ 2.4ರ ಆಸುಪಾಸಿನಲ್ಲೇ ಕೆಲಸ ಮಾಡುವುದು, ಅದರ ಪಕ್ಕ ಬೇಡ. ಮಡಿಕೇರಿ ಪೇಟೆಯಲ್ಲಾದರೆ ಅಕ್ಕಪಕ್ಕದ ಮನೆಗಳ ವೈಫೈಯೂ ಡಿಕ್ಕಿ ಹೊಡೆಯುತ್ತದೆ. ಅಂಥವರು ಬಾಕ್ಸಿನ 2.4ರ ಸೆಟ್ಟಿಂಗಿನಲ್ಲಿ 1, 6, 11 ಈ ಮೂರರಲ್ಲಿ ಖಾಲಿ ಇರುವ ಚಾನೆಲ್ ಹಿಡಿಯಬೇಕು. ತೋಟದ ಮನೆಯವರಿಗೆ ಆ ಗೋಳಿಲ್ಲ. ನಮಗೆ ನೆರೆಯವರ ಅಲೆ ಮುಟ್ಟುವುದೇ ಇಲ್ಲ, ಕೂಗಿದರೂ ಕೇಳುವುದಿಲ್ಲ.

ದೂರು ಕೊಡುವ ಮೊದಲು ಲ್ಯಾನ್ ವೈರನ್ನು ಬಾಕ್ಸಿನಿಂದ ನೇರ ಲ್ಯಾಪ್‌ಟಾಪಿಗೆ ಚುಚ್ಚಿ ವೇಗ ಅಳೆಯಿರಿ. ವೈರಿನಲ್ಲಿ ಚೆನ್ನಾಗಿದ್ದರೆ ತೊಂದರೆ ವೈಫೈಯದು. ವೈರಿನಲ್ಲೂ ನಿಧಾನವಾಗಿದ್ದು ಮೊಬೈಲೂ ತೆವಳುತ್ತಿದ್ದರೆ ಹೊರಗಿನ ಲೈನನ್ನು ಅನುಮಾನಿಸಿ. ಇನ್ನೊಂದು ಮಾತು. 50 ಎಂಬಿಪಿಎಸ್ ಪ್ಲಾನಿನಲ್ಲಿ ಫೈಲು ಸೆಕೆಂಡಿಗೆ 6 ಎಂಬಿಯಷ್ಟು ಇಳಿದರೆ ಅದು ಮೋಸವಲ್ಲ. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಫೈಲಿನ ಲೆಕ್ಕ ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಈ ಲೆಕ್ಕ ಗೊತ್ತಿಲ್ಲದೆ ನಾನೇ ಒಮ್ಮೆ ಫೋನಿನಲ್ಲಿ ಜಗಳವಾಡಿದ್ದೇನೆ.

ನಮ್ಮ ಬಾಕ್ಸು ಈಗ ನಡುಮನೆಯ ಎತ್ತರದ ಹಲಗೆಯ ಮೇಲಿದೆ. ಧೂಳು ಬೀಳಬಾರದೆಂದು ಅತ್ತೆ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿದ್ದಾರೆ. ಬಟ್ಟೆಯಿಂದ ಸಿಗ್ನಲ್ಲಿಗೆ ತೊಂದರೆ ಇಲ್ಲ, ಆದರೆ ಬಾಕ್ಸು ಬಿಸಿಯಾಗುತ್ತದೆ. ಅದನ್ನು ಅವರಿಗೆ ಇನ್ನೂ ಹೇಳಿಲ್ಲ. ಈಗ ರೇಡಿಯೋದಲ್ಲಿ ಕೇಳಿಸಿಕೊಂಡಿರುತ್ತಾರೆ.

ನಮಸ್ಕಾರ.