ಸಾಫ್ಟ್‌ನರ್ ಕೊಳ್ಳುವ ಮೊದಲು ನೀರನ್ನು ಅಳೆಯಿರಿ

ಎಲ್ಲರಿಗೂ ನಮಸ್ಕಾರ.

ಗಡಸು ನೀರಿನ ಕಷ್ಟ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಗೀಸರ್ ಕಾಯಿಲ್ ಮೇಲೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟುತ್ತದೆ. ಶವರ್ ತೂತುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ಬೇಸತ್ತು, ನೀರನ್ನು ಮೆದು ಮಾಡುವ ಯಂತ್ರಕ್ಕಾಗಿ ಅಂಗಡಿಗೆ ಹೋಗಿ ‘ಯಾವ ಸಾಫ್ಟ್‌ನರ್ ಒಳ್ಳೆಯದು?’ ಅಂತ ಕೇಳುತ್ತೇವೆ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನನ್ನ ನೀರು ಎಷ್ಟು ಗಡಸು? ದಿನಕ್ಕೆ ಎಷ್ಟು ನೀರು ಬೇಕು? ಈ ಎರಡು ಅಂಕಿ ಕೈಯಲ್ಲಿಲ್ಲದೆ ಯಾರು ಯಾವ ಯಂತ್ರ ಕೊಟ್ಟರೂ ಅದು ಬರೀ ಅಂದಾಜು.

ಇದನ್ನು ನಾನು ತಡವಾಗಿ ಕಲಿತೆ. ನಮ್ಮ ಮನೆಗೆ ಸಾಫ್ಟ್‌ನರ್ ಮಾರಿದವರು ನೀರಿಗೆ ಟಿಡಿಎಸ್ ಮೀಟರ್ ಅದ್ದಿ, ‘ನೋಡಿ, ಎಷ್ಟು ಗಡಸು’ ಅಂತ ತೋರಿಸಿದರು. ಯಂತ್ರ ಕೂರಿಸಿದ ಮೇಲೆ ನಾನೇ ಒಂದು ಮೀಟರ್ ತಂದು ಅದ್ದಿದೆ. ಅಂಕಿ ಹೆಚ್ಚು ಕಡಿಮೆ ಹಾಗೇ ಇತ್ತು. ಮೋಸ ಹೋದೆ ಅಂದುಕೊಂಡು ಎರಡು ದಿನ ನಿದ್ದೆ ಬರಲಿಲ್ಲ. ಯಂತ್ರ ಸರಿಯಾಗಿಯೇ ಇತ್ತು. ಅಳೆದ ರೀತಿ ತಪ್ಪಾಗಿತ್ತು, ಅಷ್ಟೇ.

ಯಾಕೆ ಅಂದರೆ, ಗಡಸುತನಕ್ಕೆ ಕಾರಣ ಮುಖ್ಯವಾಗಿ ಎರಡು: ಕ್ಯಾಲ್ಸಿಯಂ, ಮೆಗ್ನೀಸಿಯಂ. ಟಿಡಿಎಸ್ ಅನ್ನುವುದು ನೀರಿನಲ್ಲಿ ಕರಗಿರುವ ಎಲ್ಲದರ ಲೆಕ್ಕ. ಸಾಫ್ಟ್‌ನರ್ ಒಳಗೆ ರೆಸಿನ್ ಅನ್ನುವ ಸಣ್ಣ ಸಣ್ಣ ಮಣಿಗಳಿರುತ್ತವೆ. ಅವು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಒಂದು ಹೋಗಿ ಇನ್ನೊಂದು ಬರುತ್ತದೆ. ಹಾಗಾಗಿ ಟಿಡಿಎಸ್ ಇಳಿಯುವುದಿಲ್ಲ, ಗಡಸುತನ ಮಾತ್ರ ಹೋಗುತ್ತದೆ. ಅದನ್ನು ನೋಡಲು ಹನಿ ಹಾಕುವ ಕಿಟ್ ಬೇಕು. ನೀರಿನ ಬಣ್ಣ ಕೆಂಪಿನಿಂದ ನೀಲಿಗೆ ತಿರುಗುವವರೆಗೆ ಎಷ್ಟು ಹನಿ ಬಿದ್ದವು ಅಂತ ಎಣಿಸಿದರೆ ಸಾಕು.

ಹೀಗೆ ಅಳೆದ ಗಡಸುತನ ಲೀಟರಿಗೆ 60 ಮಿಲಿಗ್ರಾಂವರೆಗೆ ಬಂದರೆ ಅದು ಮೆದು ನೀರು. 120 ದಾಟಿದರೆ ಗಡಸು. 180 ದಾಟಿದರೆ ತುಂಬಾ ಗಡಸು. ನೀರು ನೂರರ ಆಸುಪಾಸಿನಲ್ಲಿದ್ದರೆ ಸಾಫ್ಟ್‌ನರ್ ತರಲೇಬೇಕು ಅಂತ ನಾನು ಹೇಳುವುದಿಲ್ಲ. ಗೀಸರನ್ನು ಆಗಾಗ ಬಿಚ್ಚಿ ಶುಚಿ ಮಾಡಿಸಿದರೂ ನಡೆಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮನೆಯಲ್ಲಿ ನಾಲ್ಕು ಜನ, ತಲೆಗೆ 150 ಲೀಟರ್ ಅಂದುಕೊಳ್ಳಿ. ದಿನಕ್ಕೆ 600 ಲೀಟರ್ ಆಯಿತು. ಗಡಸುತನ 400 ಇದ್ದರೆ, 600ನ್ನು 400ರಿಂದ ಗುಣಿಸಿ. ಎರಡು ಲಕ್ಷ ನಲವತ್ತು ಸಾವಿರ ಮಿಲಿಗ್ರಾಂ, ಅಂದರೆ ದಿನಕ್ಕೆ 240 ಗ್ರಾಂ ಗಡಸುತನ ತೆಗೆಯಬೇಕು. ಒಂದು ಲೀಟರ್ ರೆಸಿನ್ ಒಂದು ಸಲಕ್ಕೆ ಸುಮಾರು 50 ಗ್ರಾಂ ಹಿಡಿಯುತ್ತದೆ. 25 ಲೀಟರ್ ರೆಸಿನ್ ಇದ್ದರೆ 1250 ಗ್ರಾಂ. ಐದು ದಿನ ನಡೆಯುತ್ತದೆ. ಆಮೇಲೆ ಉಪ್ಪುನೀರು ಹಾಯಿಸಿ ಮಣಿಗಳನ್ನು ತೊಳೆಯಬೇಕು. ಇದಕ್ಕೆ ರೀಜನರೇಶನ್ ಅನ್ನುತ್ತಾರೆ. ಒಂದು ಸಲಕ್ಕೆ ಹತ್ತಿರ ಹತ್ತಿರ 3 ಕೆಜಿ ಉಪ್ಪು ಬೇಕು. ಇದೇ ಮನೆಗೆ 5 ಲೀಟರ್ ರೆಸಿನ್ ಇರುವ ಪುಟ್ಟ ಯಂತ್ರ ತಂದರೆ ದಿನಾ ತೊಳೆಯಬೇಕಾಗುತ್ತದೆ. ಆ ಕೆಲಸ ಯಾರು ಮಾಡುತ್ತಾರೆ? ನಾಲ್ಕು ದಿನ ಮಾಡಿ ಬಿಟ್ಟುಬಿಡುತ್ತೇವೆ ಅಲ್ವಾ? ಆದ್ದರಿಂದ ಅಂಗಡಿಯಲ್ಲಿ ಯಂತ್ರದ ಹೊರಗಿನ ಅಂದ ನೋಡಬೇಡಿ. ಒಳಗೆ ಎಷ್ಟು ಲೀಟರ್ ರೆಸಿನ್ ಇದೆ ಅಂತ ಕೇಳಿ.

ತೊಳೆಯುವ ಕೆಲಸ ತಾನಾಗಿ ಆಗುವ ಯಂತ್ರಗಳಲ್ಲೂ ಎರಡು ಬಗೆ ಇವೆ. ಒಂದು ಬಗೆ, ಇಷ್ಟು ದಿನಕ್ಕೊಮ್ಮೆ ಅಂತ ದಿನಗಳ ಲೆಕ್ಕದ ಮೇಲೆ ತೊಳೆಯುತ್ತದೆ. ಇನ್ನೊಂದು ಹರಿದ ನೀರನ್ನು ಅಳೆದು ತೊಳೆಯುತ್ತದೆ. ಮೊದಲನೆಯದು ನೀವು ಊರಲ್ಲಿಲ್ಲದಿದ್ದರೂ ಉಪ್ಪು, ನೀರು ಎರಡನ್ನೂ ಸುಮ್ನೆ ಸುರಿಯುತ್ತದೆ. ಮನೆಗೆ ನೆಂಟರು ಬಂದ ವಾರ ಮಧ್ಯದಲ್ಲೇ ಕೈಕೊಡುತ್ತದೆ. ಸ್ವಲ್ಪ ಜಾಸ್ತಿ ಹಣ ಹೋದರೂ ಅಳೆದು ತೊಳೆಯುವುದನ್ನೇ ತನ್ನಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ, ಅಂದರೆ ಬಕೆಟ್ಟಿನಲ್ಲಿ ತುಕ್ಕಿನ ಬಣ್ಣ ಕಟ್ಟುತ್ತಿದ್ದರೆ, ಮೊದಲು ಅದನ್ನು ತೆಗೆಯುವ ಫಿಲ್ಟರ್ ಹಾಕಿಸಿ. ಇಲ್ಲವಾದರೆ ಕಬ್ಬಿಣ ಮಣಿಗಳಿಗೆ ಮೆತ್ತಿಕೊಂಡು ರೆಸಿನ್ ಬೇಗ ಹಾಳಾಗುತ್ತದೆ. ಉಪ್ಪು ಕೂಡ ಹರಳುಪ್ಪೋ ಸಾಫ್ಟ್‌ನರಿಗೆಂದೇ ಸಿಗುವ ಮಾತ್ರೆಯೋ ಆಗಿರಲಿ. ಪುಡಿ ಉಪ್ಪು ಟ್ಯಾಂಕಿನಲ್ಲಿ ಗಟ್ಟಿ ಹೆಪ್ಪುಗಟ್ಟುತ್ತದೆ.

ಉಪ್ಪೇ ಬೇಡದ ಯಂತ್ರಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕೆಲವು ಯಂತ್ರಗಳು ಸುಣ್ಣವನ್ನು ತೀರಾ ಸಣ್ಣ ಹರಳುಗಳನ್ನಾಗಿ ಮಾಡಿ, ಪೈಪಿಗೆ ಅಂಟದ ಹಾಗೆ ನೋಡಿಕೊಳ್ಳುತ್ತವೆ. ಪದರ ಕಟ್ಟುವುದು ಕಡಿಮೆಯಾಗಬಹುದು. ಆದರೆ ಕ್ಯಾಲ್ಸಿಯಂ ನೀರಿನಲ್ಲೇ ಇರುತ್ತದೆ. ಸೋಪಿನ ನೊರೆ ಹೆಚ್ಚುತ್ತದೆ ಅಂತ ಕಾಯಬೇಡಿ. ಪೈಪಿಗೆ ಕಟ್ಟುವ ಅಯಸ್ಕಾಂತವನ್ನು ನಂಬಿ ಹಣ ಹಾಕಿ ಅಂತ ನಾನು ಯಾರಿಗೂ ಹೇಳಲಾರೆ.

ಇನ್ನು ಕುಡಿಯುವ ನೀರು. ಗಡಸು ನೀರು ಕುಡಿದರೆ ಆರೋಗ್ಯ ಕೆಡುತ್ತದೆ ಅನ್ನುವ ಭಯ ಬೇಡ. ಕ್ಯಾಲ್ಸಿಯಂ, ಮೆಗ್ನೀಸಿಯಂ ನಮ್ಮ ಮೈಗೆ ಬೇಕಾದವೇ. ಸಾಫ್ಟ್‌ನರ್ ನೀರನ್ನು ಮೆದು ಮಾಡುತ್ತದೆ, ರೋಗಾಣುಗಳನ್ನು ಕೊಲ್ಲುವುದಿಲ್ಲ. ಇನ್ನೊಂದು ವಿಷಯವನ್ನು ಮರೆಯದೆ ಮನೆಯವರಿಗೆ ಹೇಳಿ. ಗಡಸುತನ 100 ಮಿಲಿಗ್ರಾಂ ಇಳಿದರೆ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 400 ಇದ್ದ ನೀರಾದರೆ 184 ಮಿಲಿಗ್ರಾಂ. ರಕ್ತದೊತ್ತಡದಿಂದ ಉಪ್ಪು ಕಡಿಮೆ ಮಾಡಿರುವವರು ಮನೆಯಲ್ಲಿದ್ದರೆ ಇದು ಸಣ್ಣ ಮಾತಲ್ಲ. ಅಡುಗೆಮನೆಯ ಒಂದು ನಲ್ಲಿಗೆ ಸಾಫ್ಟ್‌ನರಿಗೆ ಮೊದಲೇ ಪೈಪು ಕವಲೊಡೆಸಿ. ಪ್ಲಂಬರ್ ಕೆಲಸ ಶುರು ಮಾಡುವ ಮುಂಚೆಯೇ ಹೇಳಬೇಕು. ಗೋಡೆ ಮುಚ್ಚಿದ ಮೇಲೆ ಹೇಳಿದರೆ ಮತ್ತೆ ಒಡೆಯಬೇಕಾಗುತ್ತದೆ. ಗಿಡಗಳ ನಲ್ಲಿಯನ್ನೂ ಹಾಗೇ ಬೇರೆ ಇಡಿಸಿ. ತೊಳೆದು ಬಂದ ಉಪ್ಪುನೀರನ್ನಂತೂ ಗಿಡದ ಬುಡಕ್ಕೆ ಬಿಡಲೇಬೇಡಿ.

ನಿಮ್ಮ ನಿಮ್ಮ ಮನೆಯ ನೀರನ್ನು ಬಾಟಲಿಯಲ್ಲಿ ತನ್ನಿ ಅಂತ ಮೊದಲೇ ಹೇಳಿದ್ದೆ. ತಂದವರು ಒಬ್ಬೊಬ್ಬರಾಗಿ ಮೇಜಿನ ಹತ್ತಿರ ಬನ್ನಿ. ಕಿಟ್ ಇಲ್ಲೇ ಇದೆ. ಹನಿ ನೀವೇ ಹಾಕಿ, ನೀವೇ ಎಣಿಸಿ.