ಕೀ ಕೊಟ್ಟ ಕೈ

ಎಲ್ಲರಿಗೂ ನಮಸ್ಕಾರ. ರಸ್ತೆ ಸುರಕ್ಷತಾ ಮಾಸದ ಸಭೆಯಾದ್ದರಿಂದ ಮುಂದಿನ ಸಾಲಿನ ತುಂಬ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡ ಹುಡುಗರೇ ಕೂತಿದ್ದೀರಿ. ನಿಮ್ಮನ್ನು ನೋಡಿ ಸಂತೋಷವಾಯಿತು. ಆದರೆ ಇವತ್ತಿನ ಮಾತು ಹೆಚ್ಚಾಗಿ ಹಿಂದೆ ಕೂತಿರುವ ಹಿರಿಯರಿಗೆ, ಮದುವೆ, ಗೃಹಪ್ರವೇಶ ನಡೆಸುವ ಮನೆಯ ಯಜಮಾನರಿಗೆ.

ಮೂರು ವರ್ಷದ ಹಿಂದಿನ ಫೆಬ್ರವರಿ. ರೊಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿತ್ತು. ನಾನು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಕೆಲಸ ಮುಗಿಸಿ ಬೈಕಿನಲ್ಲಿ ಸುಂಟಿಕೊಪ್ಪದ ಕಡೆ ಬರುತ್ತಿದ್ದೆ. ಇನ್ನೂ ಬೆಳಕಿತ್ತು. ತಿರುವಿನಲ್ಲಿ ಒಂದು ಜೀಪು ಸೀದಾ ನನ್ನ ಬದಿಗೆ ಬಂತು. ಬ್ರೇಕ್ ಹಿಡಿದ ಸದ್ದೂ ಕೇಳಲಿಲ್ಲ. ಆಮೇಲೆ ನನಗೆ ಕಂಡದ್ದು ತೋಟದ ಬೇಲಿ, ಮತ್ತು ಇರಬಾರದ ದಿಕ್ಕಿಗೆ ತಿರುಗಿ ಬಿದ್ದಿದ್ದ ನನ್ನದೇ ಬಲಗಾಲು.

ಜೀಪಿನವನು ಇಳಿದು ಬಂದು ಮುಖದ ಮೇಲೆ ಬಗ್ಗಿದ. "ಏನೂ ಆಗಿಲ್ಲ ಅಣ್ಣ, ಏಳಿ" ಅಂದ. ಅವನ ಬಾಯಿಂದ ಬ್ರಾಂದಿ ವಾಸನೆ ಬರುತ್ತಿತ್ತು, ಅದರ ಜೊತೆಗೆ ಬೆಲ್ಲದ ಕಾಫಿಯ ಪರಿಮಳವೂ. ಆ ಎರಡನೆಯದು ಯಾಕೆ ಎಂದು ನನಗೆ ಎಷ್ಟೋ ದಿನ ಅರ್ಥವಾಗಲಿಲ್ಲ.

ಕೊಯ್ಲು ಮುಗಿಸಿ ತೋಟದ ಕೆಲಸಗಾರರ ಲೈನ್ ಮನೆಗೆ ಹೊರಟಿದ್ದ ಹೆಂಗಸರು ಓಡಿ ಬಂದರು. ಒಬ್ಬಾಕೆ ಸಿಲ್ವರ್ ಓಕಿನ ಎರಡು ಕೊಂಬೆಗಳನ್ನು ಕಾಲಿನ ಎರಡೂ ಬದಿಗಿಟ್ಟು, ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಸುತ್ತಿದಳು. ನನ್ನ ಹೆಲ್ಮೆಟ್ ಹಿಡಿದು ಎಳೆಯಲು ಹೋದವನನ್ನು ಗದರಿ ನಿಲ್ಲಿಸಿದ್ದೂ ಅವಳೇ. 108ಕ್ಕೆ ಫೋನ್ ಮಾಡಿಸಿದ್ದೂ ಅವಳೇ. ಕುತ್ತಿಗೆಗೆ ಪೆಟ್ಟಾಗಿದ್ದರೆ ಹೆಲ್ಮೆಟ್ ಎಳೆಯುವುದು ಅಪಾಯ ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ. ನೆನಪಿಡಿ, ಗಾಯಾಳುವಿಗೆ ನೆರವಾದವರು ತಮ್ಮ ಹೆಸರು ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಂ ಸೇರಿಸಿ ಅವರಿಗೆ ರಕ್ಷಣೆ ಕೊಟ್ಟಿದ್ದಾರೆ. ಕೋರ್ಟಿಗೆ ಅಲೆಯಬೇಕಾದೀತು ಎಂದು ಯಾರೂ ಗಾಡಿ ಮುಂದೆ ಓಡಿಸಬೇಡಿ.

ಮಡಿಕೇರಿಯಲ್ಲಿ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ರಾತ್ರಿಯೇ ಮೈಸೂರಿಗೆ ಕಳಿಸಿದರು. ಸುಮಾರು 120 ಕಿಲೋಮೀಟರ್. ಆ ದಾರಿಯ ಒಂದೊಂದು ಹಂಪೂ ನನ್ನ ಮೂಳೆಗೆ ಗೊತ್ತು.

ಮಂಡಿಯ ಕೆಳಗಿನ ಎರಡೂ ಎಲುಬು ಮುರಿದು ಚರ್ಮ ಸೀಳಿ ಹೊರಬಂದಿದ್ದವು. ಮೊದಲು ಹೊರಗಿನಿಂದ ಕಂಬಿ ಕಟ್ಟಿದರು. ಗಾಯ ಒಣಗಿದ ಮೇಲೆ ಎಲುಬಿನೊಳಗೆ ರಾಡ್ ಹಾಕಿದರು, ತೊಡೆಯ ಚರ್ಮ ತೆಗೆದು ಕೆಳಗೆ ಹಚ್ಚಿದರು. ಆಪರೇಷನ್ ಆದರೆ ಗುಣವಾದಂತೆ ಎಂದು ಮನೆಯವರೆಲ್ಲ ತಿಳಿದಿದ್ದೆವು. ನಿಜವಾದ ಕೆಲಸ ಶುರುವಾದದ್ದು ಮನೆಗೆ ಬಂದ ಮೇಲೆ. ಫಿಸಿಯೋಥೆರಪಿಯ ಹುಡುಗಿ ಒಂದು ಪ್ಲಾಸ್ಟಿಕ್ ಕೋನಮಾಪಕ ತಂದು ಮಂಡಿಯ ಪಕ್ಕ ಹಿಡಿದಳು. ಮಂಡಿ ಮಡಚಿದ್ದು 40 ಡಿಗ್ರಿ. ಕುರ್ಚಿಯಲ್ಲಿ ಸರಿಯಾಗಿ ಕೂರಲು 90 ಬೇಕು, ನೆಲಕ್ಕೆ ಕುಕ್ಕರಗಾಲಲ್ಲಿ ಕೂರಲು 120ಕ್ಕಿಂತ ಹೆಚ್ಚು. ಹಿಮ್ಮಡಿ ಕೆಳಗೆ ಟವೆಲ್ ಹಾಕಿ ಮಂಚದ ಮೇಲೆ ಎಳೆದುಕೊಳ್ಳಬೇಕು, ದಿನಕ್ಕೆ ಮೂರು ಹೊತ್ತು. ಒಂದು ತಿಂಗಳ ಕಣ್ಣೀರಿಗೆ 15 ಡಿಗ್ರಿ ಸಿಕ್ಕಿತು. ಅಮ್ಮ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೆ ಡಿಗ್ರಿ ಬರೆದಿಡುತ್ತಿದ್ದರು, ಹಾಲಿನ ಲೆಕ್ಕದ ಪಕ್ಕದಲ್ಲೇ.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಅಂಗಳದ ಪಾಚಿ ನಿಮಗೆ ಗೊತ್ತಲ್ಲ. ಊರುಗೋಲಿನ ರಬ್ಬರ್ ಸವೆದಿದ್ದರೆ ಮುಗಿಯಿತು. ಎರಡು ತಿಂಗಳು ಜಗಲಿ ದಾಟಲಿಲ್ಲ. ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ತಮ್ಮ ಅಂಗಳಕ್ಕೆ ಗೋಣಿ ಹಾಸಿದ. ಅದರ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಆ ದಿನ ಪಾಯಸಕ್ಕೆ ಹಾಕುವ ಮದ್ದುಸೊಪ್ಪನ್ನು ಬೇಲಿ ಬದಿಯಿಂದ ನಾನೇ ಕಿತ್ತು ತಂದೆ. ಆ ವರ್ಷದ ಮದ್ದುಪಾಯಸದ ನೇರಳೆ ಬಣ್ಣ ಇನ್ನೂ ಕಣ್ಣ ಮುಂದಿದೆ.

ಕಾಲಿನ ನೋವು ಹೇಳಬಹುದು, ತಿರುವಿನ ಭಯ ಹೇಳಲು ತಡವಾಯಿತು. ಬಸ್ಸಿನಲ್ಲಿ ಕೂತಾಗಲೂ ಎದುರು ಲೈಟ್ ಕಂಡರೆ ಬೆವರುತ್ತಿದ್ದೆ. ರಾತ್ರಿ ಬ್ರಾಂದಿ ವಾಸನೆ ಬಂದಂತಾಗಿ ಎದ್ದು ಕೂರುತ್ತಿದ್ದೆ. ಇದಕ್ಕೂ ಚಿಕಿತ್ಸೆ ಇದೆ, ನಾನು ಪಡೆದಿದ್ದೇನೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ನೋಡಲು ಬಂದವರೆಲ್ಲ "ಗ್ರಹಚಾರ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಮಾತು ಕೇಳಿದಾಗೆಲ್ಲ ಒಬ್ಬ ಮನುಷ್ಯ ಮಾಡಿದ ತಪ್ಪನ್ನು ಶನಿಯ ಲೆಕ್ಕಕ್ಕೆ ಬರೆದಂತೆ ಅನಿಸುತ್ತಿತ್ತು. ಇನ್ನು ಕೆಲವರು ಕಿವಿಯಲ್ಲಿ ಹೇಳಿದರು: "ಕುಡಿದಿದ್ದ ಅಂತ ಬರೆಸಬೇಡ, ಇನ್ಶೂರೆನ್ಸ್ ಸಿಗಲ್ಲ." ಇದು ತಪ್ಪು ತಿಳಿವಳಿಕೆ. ಪೆಟ್ಟು ತಿಂದವನಿಗೆ ವಿಮಾ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ವಾಹನದ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶ ಕೊಟ್ಟಿವೆ. ನಾನು ಇದ್ದದ್ದನ್ನು ಇದ್ದ ಹಾಗೇ ಬರೆಸಿದೆ.

ಬೆಲ್ಲದ ಕಾಫಿಯ ವಿಷಯಕ್ಕೆ ಬರುತ್ತೇನೆ. ಮಳೆ ಬಿಟ್ಟ ಮೇಲೆ ಒಬ್ಬ ಹಿರಿಯರು ಮನೆಗೆ ಬಂದರು. ಆ ದಿನ ಜೀಪಿನವನು ಹೊರಟದ್ದು ಅವರ ಮದುವೆ ಮನೆಯಿಂದ. "ತುಂಬಾ ಕುಡಿದಿದ್ದ, ನಾನೇ ಎರಡು ಲೋಟ ಕಾಫಿ ಕುಡಿಸಿ, ಇಳಿಯಿತು ಅಂದುಕೊಂಡು ಕೀ ಕೈಗೆ ಕೊಟ್ಟೆ" ಎಂದು ಹೇಳಿ ಅತ್ತರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಮನೆಯಲ್ಲೂ ಅಷ್ಟೇ ಮಾಡುತ್ತಿದ್ದೆವು.

ಕಾಫಿ ಬೆಳೆಯುವ ನಾಡಿನಲ್ಲಿ ನಿಂತು ಹೇಳುತ್ತಿದ್ದೇನೆ, ಕಾಫಿಯಿಂದ ಕುಡಿತ ಇಳಿಯುವುದಿಲ್ಲ. ನಿದ್ದೆಗಣ್ಣು ತೆರೆಯಬಹುದು, ಅಷ್ಟೇ. ರಕ್ತದಲ್ಲಿರುವ ಆಲ್ಕೋಹಾಲನ್ನು ಇಳಿಸುವುದು ಪಿತ್ತಜನಕಾಂಗ, ಅದು ತನ್ನ ಪಾಡಿಗೆ ಗಂಟೆಗೆ 100 ಮಿಲಿ ರಕ್ತದಲ್ಲಿ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ. ಗಾಡಿ ಓಡಿಸುವವನಿಗೆ ಕಾನೂನಿನ ಮಿತಿ 30. ರಾತ್ರಿ ಹನ್ನೆರಡಕ್ಕೆ 120 ಇದ್ದವನು ಆ ಮಿತಿಗೆ ಬರಲು ಬೆಳಿಗ್ಗೆ ಆರಾಗುತ್ತದೆ. ತಣ್ಣೀರು, ಮಜ್ಜಿಗೆ, ನಿಂಬೆಹಣ್ಣು ಯಾವುದರಿಂದಲೂ ಅದು ಬೇಗ ಆಗುವುದಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಕುಡಿಯಬೇಡಿ ಎಂದು ಹೇಳಲು ನಾನು ಬಂದಿಲ್ಲ. ಮನೆತನದ ಪೂರ್ವಜರಾದ ಗುರುಕಾರೋಣರಿಗೇ ಮದ್ಯ ಇಟ್ಟು ಕೈಮುಗಿಯುವ ಮನೆಗಳಿರುವ ನಾಡಿದು. ಬಂದವರಿಗೆ ಕೊಡುವುದು ಮರ್ಯಾದೆ. ಕೊಟ್ಟ ಮೇಲೆ ಅವರನ್ನು ಮನೆ ಮುಟ್ಟಿಸುವುದೂ ಆ ಮರ್ಯಾದೆಯದೇ ಭಾಗ ಎಂದು ನಾನು ತಿಳಿದಿದ್ದೇನೆ. ಕುಡಿದವನಿಗೆ ತಾನು ಕುಡಿದದ್ದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ಗೊತ್ತಾಗುತ್ತದೆ.

ಕಳೆದ ಡಿಸೆಂಬರಿನಲ್ಲಿ ತಮ್ಮನ ಮಗಳ ಮದುವೆ. ಬಾಗಿಲ ಬಳಿ ಕುರ್ಚಿ ಹಾಕಿ ನಾನು ಕೂತೆ, ಪಕ್ಕದಲ್ಲಿ ಒಂದು ಬೆತ್ತದ ಬುಟ್ಟಿ. ಕುಡಿಯುವವರು ಮೊದಲು ಕೀ ಅದರಲ್ಲಿ ಹಾಕಬೇಕು. ಮನೆಗೆ ಬಿಡಲು ಎರಡು ಜೀಪು, ಕುಡಿಯದ ಇಬ್ಬರು ಡ್ರೈವರ್. ನಮ್ಮ ಮಾವನೊಬ್ಬರಿಗೆ ವಿಪರೀತ ಸಿಟ್ಟು ಬಂತು. "ನಲವತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ, ನನ್ನ ಕೀ ಕೇಳ್ತೀಯಾ?" ಎಂದು ಎಲ್ಲರೆದುರು ಕೂಗಿದರು. "ಇಲ್ಲ ಮಾವ, ಕೊಡಿ" ಅಂದೆ. ಬುಟ್ಟಿಗೆ ಎಸೆದು ಹೋದರು.

ಮರುದಿನ ಏಳು ಗಂಟೆಗೆ ಮಂಜಿನಲ್ಲಿ ನಡೆದೇ ಬಂದರು. ಮಾತಿಲ್ಲ. ಕೈ ಚಾಚಿದರು. "ತಿಂಡಿ ತಿಂದು ಹೋಗಿ ಮಾವ" ಅಂದೆ. ನನ್ನ ಮುಖ ನೋಡಿದರು, ಕಾಲು ನೋಡಿದರು, ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಅಕ್ಕಿರೊಟ್ಟಿ ತಿಂದೆವು, ಕಣದಲ್ಲಿ ಒಣಹಾಕಿದ್ದ ಕಾಫಿ ನೋಡಿ ಬಂದೆವು, ಹಳೇ ಕಥೆ ಮಾತಾಡಿದೆವು. ಹನ್ನೊಂದು ಗಂಟೆಗೆ ಬುಟ್ಟಿಯಿಂದ ಕೀ ತೆಗೆದು ಅವರ ಕೈಗಿಟ್ಟೆ.