ಒಂದು ಜೆಮ್ ಕ್ಲಿಪ್ಪು, ಒಂದು ಸಿಡಿ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಸಕಲೇಶಪುರದ ಕಡೆಯಿಂದ ನಮ್ಮ ದೊಡ್ಡಪ್ಪ ಹಾಸನಕ್ಕೆ ಬಂದಿದ್ದರು. ಬೆನ್ನು ನೋವು. ಮೊದಲೇ ಒಂದು ಕಡೆ ಎಂಆರ್‌ಐ ಮಾಡಿಸಿದ್ದರು, ಅಲ್ಲಿ ಫಿಲ್ಮಿನ ಬದಲು ಸಿಡಿ ಕೊಟ್ಟು ಕಳಿಸಿದ್ದರು. ಇಲ್ಲಿಯ ಡಾಕ್ಟರು ಅದನ್ನು ನೋಡಿ, "ಇದನ್ನ ಹಾಕೋಕೆ ನನ್ನ ಕಂಪ್ಯೂಟರಿನಲ್ಲಿ ಜಾಗ ಇಲ್ಲ, ಪೆನ್‌ಡ್ರೈವಿಗೆ ಹಾಕಿಸ್ಕೊಂಡು ಬನ್ನಿ" ಅಂದರಂತೆ. ದೊಡ್ಡಪ್ಪ ಸೀದಾ ನಮ್ಮ ಮನೆಗೆ ಬಂದರು. ಮಗಳ ಕಾಲೇಜಿಗೆ ಅಂತ ತಂದ ಹೊಸ ಲ್ಯಾಪ್‌ಟಾಪ್ ಮೇಜಿನ ಮೇಲಿತ್ತು. ಎಡ, ಬಲ, ಹಿಂದೆ ಎಲ್ಲ ಕಡೆ ತಡವಿ ನೋಡಿದರು.

"ಏನೋ ಇದು, ಅಷ್ಟೊಂದು ದುಡ್ಡು ಕೊಟ್ಟಿದ್ದೀಯ, ಒಂದು ಸಿಡಿ ಹಾಕೋಕೆ ಜಾಗ ಇಲ್ವಲ್ಲೋ!"

ಜಾಗ ಇಲ್ಲ ಅನ್ನೋದೇ ನಿಜವಾದ ಕಾರಣ ನೋಡಿ. ಸಿಡಿಯ ಅಗಲ 12 ಸೆಂಟಿಮೀಟರ್. ಅದನ್ನು ನುಂಗುವ ಡ್ರೈವ್ ಅದಕ್ಕಿಂತ ಸ್ವಲ್ಪ ದೊಡ್ಡದೇ ಇರಬೇಕು. ಲ್ಯಾಪ್‌ಟಾಪಿಗೆ ಹಾಕುತ್ತಿದ್ದ ಡ್ರೈವ್ 12.7 ಮಿಲಿಮೀಟರ್ ದಪ್ಪ ಇರುತ್ತಿತ್ತು, ಆಮೇಲೆ 9.5ಕ್ಕೆ ಇಳಿಯಿತು. ಈಗ ಎಷ್ಟೋ ಲ್ಯಾಪ್‌ಟಾಪುಗಳು ಮುಚ್ಚಳ ಸೇರಿಸಿದರೂ 20 ಮಿಲಿಮೀಟರ್ ದಾಟುವುದಿಲ್ಲ. ಅದರಲ್ಲಿ ಅರ್ಧ ದಪ್ಪವನ್ನು ಯಾವಾಗಲೋ ಒಮ್ಮೆ ಬಳಸುವ ತಟ್ಟೆಗೆ ಬಿಟ್ಟುಕೊಟ್ಟರೆ ಬ್ಯಾಟರಿ ಎಲ್ಲಿಡೋದು? 2008ರ ಜನವರಿಯಲ್ಲಿ ಆಪಲ್ ಕಂಪನಿ ಮ್ಯಾಕ್‌ಬುಕ್ ಏರ್ ತಂದಾಗ, ಸ್ಟೀವ್ ಜಾಬ್ಸ್ ಅದನ್ನು ಕಾಗದದ ಲಕೋಟೆಯಿಂದ ಎಳೆದು ತೋರಿಸಿದರು. ಅದರೊಳಗೆ ಡ್ರೈವ್ ಇರಲಿಲ್ಲ. ಬೇಕಾದವರು ಬೇರೆಯಾಗಿ ಕೊಳ್ಳಬೇಕಿತ್ತು. ಆಗ ಗೊಣಗಿದವರು ಬಹಳ. ಆಮೇಲೆ ಉಳಿದ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು.

ಲೆಕ್ಕವೂ ಅವರ ಕಡೆಗೇ ಇದೆ. ಒಂದು ಸಿಡಿಯಲ್ಲಿ 700 ಎಂಬಿ ಹಿಡಿಯುತ್ತದೆ. ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ. ಶರ್ಟಿನ ಜೇಬಿನಲ್ಲಿ ಕಳೆದುಹೋಗುವಂಥ 64 ಜಿಬಿ ಪೆನ್‌ಡ್ರೈವಿನಲ್ಲಿ ಹದಿಮೂರು ಡಿವಿಡಿ ಕೂರುತ್ತವೆ. ತಿರುಗುವ ಸದ್ದೂ ಇಲ್ಲ, ಗೀರು ಬೀಳುವ ಭಯವೂ ಇಲ್ಲ.

ಅಂದ ಹಾಗೆ, ಸಿಡಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದಿದ್ದು 1982ರಲ್ಲಿ. ನಮ್ಮ ಹಾಸನದಲ್ಲಿ ಉಪಗ್ರಹಗಳನ್ನು ನೋಡಿಕೊಳ್ಳುವ ಎಂಸಿಎಫ್ ಶುರುವಾಗಿದ್ದೂ ಅದೇ ವರ್ಷ. ಅದು ಈಗಲೂ ಕೆಲಸ ಮಾಡುತ್ತಿದೆ, ಸಿಡಿ ಮಾತ್ರ ಅಟ್ಟ ಸೇರಿತು.

ದೊಡ್ಡಪ್ಪನ ಕೆಲಸ ಆಗಬೇಕಲ್ಲ? ಬೀರುವಿನ ಮೇಲಿದ್ದ ನನ್ನ ಹಳೇ ಲ್ಯಾಪ್‌ಟಾಪ್ ಇಳಿಸಿದೆ. ಬ್ಯಾಟರಿ ಸತ್ತಿತ್ತು, ಚಾರ್ಜರ್ ಹಾಕಿದರೆ ಓಡುತ್ತಿತ್ತು. ಆದರೆ ಡ್ರೈವಿನ ಗುಂಡಿ ಎಷ್ಟು ಒತ್ತಿದರೂ ಟ್ರೇ ಬರಲೊಲ್ಲದು. ಟ್ರೇಯ ಮುಂಭಾಗದಲ್ಲಿ ಸೂಜಿ ಹೋಗುವಷ್ಟು ಚಿಕ್ಕ ತೂತು ಇರುತ್ತದೆ, ಗಮನಿಸಿದ್ದೀರಾ? ಅದು ಸುಮ್ನೆ ಇಟ್ಟಿದ್ದಲ್ಲ. ಕಂಪ್ಯೂಟರ್ ಆಫ್ ಮಾಡಿ, ಜೆಮ್ ಕ್ಲಿಪ್ಪನ್ನು ನೇರ ಮಾಡಿ ಅದರೊಳಗೆ ಮೆಲ್ಲಗೆ ಒತ್ತಿದರೆ ಟ್ರೇ ಅರ್ಧ ಇಂಚು ಹೊರಗೆ ಬರುತ್ತದೆ. ಉಳಿದದ್ದನ್ನು ಕೈಯಲ್ಲೇ ಎಳೆದುಕೊಳ್ಳಬಹುದು. ಹಾಗೇ ಮಾಡಿದೆ. ಸಿಡಿ ಗುಂಯ್ ಅಂತ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ದೊಡ್ಡಪ್ಪನ ಬೆನ್ನುಮೂಳೆ ಪರದೆಯ ಮೇಲೆ ಬಂತು. "ಇದೇನಾ ನಂದು?" ಅಂತ ಬಹಳ ಹೊತ್ತು ನೋಡಿದರು.

ನಿಮಗೂ ಇಂಥ ಸ್ಕ್ಯಾನ್ ಸಿಡಿ ಸಿಕ್ಕಿದ್ದರೆ ಒಂದು ಮಾತು. ಬರೀ ಚಿತ್ರಗಳನ್ನು ಹುಡುಕಿ ತೆಗೆಯಬೇಡಿ. ಅವು ಡೈಕಾಮ್ ಅನ್ನುವ ಬೇರೆ ನಮೂನೆಯಲ್ಲಿ ಇರುತ್ತವೆ. ತೆರೆದು ನೋಡುವ ತಂತ್ರಾಂಶವನ್ನೂ ಸಾಮಾನ್ಯವಾಗಿ ಅದೇ ಸಿಡಿಯಲ್ಲಿ ಹಾಕಿರುತ್ತಾರೆ. ಹಾಗಾಗಿ ಇಡೀ ಸಿಡಿಯನ್ನೇ ಕಾಪಿ ಮಾಡಿಕೊಳ್ಳಿ.

ಆವತ್ತು ರಾತ್ರಿ ಇನ್ನೊಂದು ಹಳೇ ಸಾಮಾನು ನೆನಪಾಯಿತು, ನಮ್ಮ ಮದುವೆಯ ಡಿವಿಡಿ. 2005ರದ್ದು, ಮೂರು ತಟ್ಟೆ. ಮೊದಲನೆಯದು ಚೆನ್ನಾಗಿ ಓಡಿತು. ಎರಡನೆಯದು ಸರಿಯಾಗಿ ಧಾರೆ ಎರೆಯುವ ಹೊತ್ತಿಗೆ ನಿಂತುಬಿಟ್ಟಿತು. ಮನೆಯವಳು, "ಈಗಲೂ ಕಾಲ ಮೀರಿಲ್ಲ, ಯೋಚನೆ ಮಾಡಿ" ಅಂತ ನಕ್ಕಳು. ತೆಗೆದು ನೋಡಿದರೆ ಬೂಷ್ಟು. ಈ ಕಡೆ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ, ಇದಕ್ಕೆ ಹಿಡಿಯೋದಿಲ್ವಾ? ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ಸುತ್ತು ಸುತ್ತಾಗಿ ಒರೆಸಬಾರದು. ಅದರಲ್ಲಿ ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಆ ಸುರುಳಿಯ ಜಾಡಿನಲ್ಲೇ ಗೀರು ಬಿದ್ದರೆ ಉದ್ದಕ್ಕೂ ಅಳಿಸಿಹೋಗುತ್ತದೆ, ಅಡ್ಡಗೀರಾದರೆ ಡ್ರೈವ್ ಹೇಗೋ ಸಂಭಾಳಿಸಿಕೊಳ್ಳುತ್ತದೆ. ಸಿಡಿಯ ಮೇಲೆ ಬಾಲ್‌ಪೆನ್ನಿನಲ್ಲಿ ಹೆಸರು ಬರೆಯುವುದೂ ತಪ್ಪು. ನಾವೆಲ್ಲ ಹೊಳೆಯುವ ಅಡಿಭಾಗವನ್ನೇ ಜೋಪಾನ ಮಾಡುತ್ತಿದ್ದೆವು. ಸಿಡಿಯಲ್ಲಿ ಮಾಹಿತಿಯ ಪದರ ಇರೋದು ಮೇಲ್ಭಾಗದ ಲೇಬಲ್ಲಿನ ಕೆಳಗೇ!

ನಾವೇ ಬರೆದುಕೊಂಡ ಡಿಸ್ಕುಗಳ ಕಥೆ ಇನ್ನೂ ನಾಜೂಕು. ಅವುಗಳಲ್ಲಿ ಬಣ್ಣದ ಪದರವೊಂದಿರುತ್ತದೆ. ಲೇಸರ್ ಅದನ್ನು ಸುಟ್ಟು ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವ ಬಿದ್ದರೆ ಆ ಪದರ ಕೆಡುತ್ತದೆ. ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯ ಕೇಳುಗರಿಗೆ ತೇವದ ಬಗ್ಗೆ ನಾನೇನು ಹೇಳಲಿ!

ಹಾಗಾದರೆ ಲ್ಯಾಪ್‌ಟಾಪಿನೊಳಗೇ ಡ್ರೈವ್ ಬೇಕಾ? ಬೇಡ. ಅದಕ್ಕೋಸ್ಕರ ದಪ್ಪ ಲ್ಯಾಪ್‌ಟಾಪ್ ಹುಡುಕಿಕೊಂಡು ಹೋಗಬೇಡಿ. ಆದರೆ ಬೀದಿಗೆ ಒಂದಾದರೂ ಡ್ರೈವ್ ಇರಬೇಕು. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡ್ರೈವ್ ಸಿಗುತ್ತದೆ, ನಾಲ್ಕು ಮನೆಯವರು ಸೇರಿ ಕೊಂಡರೂ ನಡೆಯುತ್ತದೆ. ಚುಚ್ಚಿದಾಗ ಟಕ್ ಟಕ್ ಅಂತ ಸದ್ದು ಮಾಡಿ ನಿಂತರೆ ಕೆಟ್ಟಿದೆ ಅಂತ ಎಸೆಯಬೇಡಿ. ಎಷ್ಟೋ ಸಲ ಕರೆಂಟು ಸಾಲದೆ ಹಾಗಾಗುತ್ತದೆ. ಬೇರೆ ಪೋರ್ಟಿಗೆ ಹಾಕಿ ನೋಡಿ, ಇಲ್ಲವೇ ಎರಡು ಪೋರ್ಟಿಗೆ ಹಾಕುವ ಕವಲು ಕೇಬಲ್ ತನ್ನಿ.

ನಮ್ಮ ಧಾರೆ ಕೊನೆಗೂ ನಡೆಯಿತು. ಮೂರನೇ ತಟ್ಟೆ ಮಾತ್ರ ಇನ್ನೂ ಹಠ ಹಿಡಿದಿದೆ. ಮೊನ್ನೆ ದೊಡ್ಡಪ್ಪ ಫೋನ್ ಮಾಡಿದ್ದರು. ಬೆನ್ನು ಪರವಾಗಿಲ್ಲವಂತೆ. ಅಟ್ಟದಲ್ಲಿ ಒಂದು ಚೀಲ ತುಂಬ ಸಿಡಿ ಸಿಕ್ಕಿವೆಯಂತೆ. "ಭಾನುವಾರ ಬರ್ತೀನಿ, ಆ ಜೆಮ್ ಕ್ಲಿಪ್ಪು ಎತ್ತಿಟ್ಟಿರು" ಅಂದರು.

ನಮಸ್ಕಾರ.